ಜೋರು ಸದ್ದಿನ ಸಿನಿಮಾ

ಅಡಿಕೆ ಸುಲಿದು ಸುಲಿದು ಅವರ ಹೆಬ್ಬೆರಳಿನ ಉಗುರು ಕಪ್ಪಾಗಿ ಹೋಗಿತ್ತು. ಸಿನಿಮಾ ನೋಡುವಾಗ ಆ ಬೆರಳು ರಿಮೋಟಿನ ಮೇಲಿಂದ ಏಳುತ್ತಿರಲಿಲ್ಲ. ಮಕ್ಕಳೇ, ಇದು ಮುತ್ತಿನಕೊಪ್ಪದ ನಮ್ಮ ಪಕ್ಕದ ಮನೆಯ ಅಕ್ಕನ ವಿಷಯ. ನೀವು ಅವರನ್ನು ನೋಡಿದ್ದೀರಿ, ಆದರೆ ಈ ಸಂಗತಿ ನಿಮಗೆ ಗೊತ್ತಿಲ್ಲ.

ಕೂಲಿ ಮುಗಿಸಿ ಬಂದರೆ ಅವರಿಗೆ ಅಳುವ ಸಿನಿಮಾವೇ ಆಗಬೇಕು. ಯುದ್ಧ ಬಂದು ಊರು ಬಿಡುವುದು, ಪ್ರೀತಿಸಿದವರು ಬೇರೆಯಾಗುವುದು, ತಾಯಿ ಮಗನನ್ನು ಕಳೆದುಕೊಳ್ಳುವುದು. ನೋಡುತ್ತಾ ಬೈಯುತ್ತಲೂ ಇರುತ್ತಿದ್ದರು.

"ಊರಿಗೆ ಊರೇ ಉರೀತಾ ಉಂಟು, ಇವಳ ಸೀರೆ ನೆರಿಗೆ ನೋಡು ಮಾರಾಯ್ತಿ! ಓಡೋ ಮುಂಚೆ ಕೊಟ್ಟಿಗೆಯಲ್ಲಿ ದನದ ಹಗ್ಗ ಬಿಚ್ಚಿದ್ಳಾ ಇವಳು?"

ಅವರೂ ಊರು ಬಿಟ್ಟು ಬಂದವರೇ. ಅಣೆಕಟ್ಟಿನ ಹಿನ್ನೀರಿನಲ್ಲಿ ಅವರ ಹಳ್ಳಿ ಮುಳುಗಿದಾಗ ಅವರಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು.

ನಿಮ್ಮ ಅಜ್ಜ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಅಳಲು ಮೊದಲಿನಿಂದಲೂ ನಾಚುವವಳು ನಾನು. ಆಗ ಅಡುಗೆಮನೆಯಲ್ಲೂ ಜನ, ಬಚ್ಚಲ ಬಾಗಿಲಲ್ಲೂ ಜನ. "ಗಟ್ಟಿ ಹೆಂಗಸು" ಎಂದರು ಒಬ್ಬರು. "ಕಣ್ಣಲ್ಲಿ ಒಂದು ಹನಿ ನೀರಿಲ್ಲ" ಎಂದರು ಇನ್ನೊಬ್ಬರು. ನೆಂಟರೆಲ್ಲ ಹೋದ ಮೇಲೂ ಆ ಅಳು ಎದೆಯಲ್ಲೇ ಕಟ್ಟಿಕೊಂಡಿತ್ತು. ಅನ್ನ ಇಳಿಯುತ್ತಿರಲಿಲ್ಲ. ಕೂತಲ್ಲಿಂದ ಏಳುವುದೇ ಬೇಡ ಎನ್ನುವಷ್ಟು ದಣಿವು.

ಒಂದು ಮಧ್ಯಾಹ್ನ ಅಕ್ಕ ಬಂದು ಕೈ ಹಿಡಿದು ಎಬ್ಬಿಸಿದರು.

"ಬಾ, ಸಿನಿಮಾ ನೋಡುವ."

"ಅವರು ಹೋಗಿ ತಿಂಗಳಾಗಲಿಲ್ಲ. ಜನ ಎಂತ ಅಂತಾರೆ ಅಕ್ಕ?"

"ಅನ್ನೋರು ಬಂದು ನಿಂಗೆ ಅನ್ನ ಉಣಿಸ್ತಾರಾ? ಏಳು."

ಅವರ ಮನೆಯಲ್ಲಿ ಕೂತೆವು. ದೇಶ ಎರಡು ಪಾಲಾಗಿ ಗಂಡ ಗಡಿಯ ಆಚೆಯೇ ಉಳಿದುಹೋಗುವ ಕಥೆ. ಹೆಂಡತಿ ಅವನ ಅಂಗಿಯನ್ನು ಬಿಡಿಸುತ್ತಾಳೆ, ಮತ್ತೆ ಮಡಿಸುತ್ತಾಳೆ. ಅಕ್ಕ ಈ ಸಲ ಯಾರನ್ನೂ ಬೈಯಲಿಲ್ಲ. ಕಪ್ಪು ಉಗುರಿನ ಬೆರಳು ರಿಮೋಟನ್ನು ಒತ್ತುತ್ತಲೇ ಹೋಯಿತು. ಕಿಟಕಿಯ ಗಾಜು ಅದುರುವಷ್ಟು ಸದ್ದು. ನಾನು ಅವರ ಮುಖ ನೋಡಿದೆ. ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಅಳು," ಎಂದು ಕಿವಿಯ ಹತ್ತಿರ ಬಾಗಿದರು. "ಬೀದಿಗೆ ಕೇಳೋದು ಸಿನಿಮಾದವಳ ಅಳು ಮಾತ್ರ."

ಆ ಸಿನಿಮಾ ಹೇಗೆ ಮುಗಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಟೀ ಸೋಸುತ್ತಾ ಹೇಳಿದರು: "ಊರು ಬಿಡುವಾಗ ಅಮ್ಮ ನಗ್ತಾನೇ ಇದ್ಲು. ಲಾರಿ ಸ್ಟಾರ್ಟ್ ಆದ ಮೇಲೆ ಅತ್ಲು. ಅಪ್ಪಂಗೆ ಕೇಳಬಾರದು ಅಂತ. ನಾನು ಅವಳ ತೊಡೆ ಮೇಲಿದ್ದೆ, ಅವಳ ಹೊಟ್ಟೆ ಅದುರ್ತಿತ್ತು."

ಅವತ್ತು ರಾತ್ರಿ ನಾನು ಉಂಡೆ.

ಹೋದ ವರ್ಷ ಅಕ್ಕ ತೀರಿಕೊಂಡರು. ಹೂ ಹಾಕಿ ಜನರ ನಡುವೆ ನಿಂತೆ. ಕಣ್ಣು ಮೊದಲಿನ ಹಾಗೆಯೇ ಒಣಗಿತ್ತು. ಮನೆಗೆ ಬಂದು ಟಿವಿ ಹಾಕಿದೆ, ಸದ್ದು ಜೋರು ಮಾಡಿದೆ.

ರಜೆಗೆ ಬಂದಾಗಲೆಲ್ಲ ನೀವು ಕೋಣೆಯಿಂದ ಕೂಗುತ್ತೀರಿ, "ಅಜ್ಜಿ, ಕಿವಿ ಕೇಳಲ್ವಾ?" ಎಂದು. ಕಿವಿ ಚೆನ್ನಾಗಿಯೇ ಇದೆ, ಮಕ್ಕಳೇ. ಇನ್ನು ಮೇಲೆ ಸದ್ದು ಜೋರಾಗಿದ್ದರೆ ಟಿವಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೋಗಿ. ಸಿನಿಮಾ ಮುಗಿದ ಮೇಲೆ ನಾನೇ ಊಟಕ್ಕೆ ಕರೆಯುತ್ತೇನೆ.