ವಾಸು ಮಾವನ ವಿಮಾನ ಕಂಪನಿ

ಗಾಳಿ ವಿಮಾನ ನಿಲ್ದಾಣದ ಕಡೆಯಿಂದ ಬೀಸಿದ ದಿನ ಮಗಳಿರುವ ಪರದೇಶದ ಊರು ಪಾಪಟೊಯ್ಟೊಯಿಯ ಹಿತ್ತಿಲಿಗೆ ಸೀಮೆಎಣ್ಣೆಯಂಥದ್ದೊಂದು ವಾಸನೆ ಬರುತ್ತಿತ್ತು. ೨೦೧೪ರ ಜುಲೈನಲ್ಲಿ, ಆ ದೇಶದ ಚಳಿಗಾಲದಲ್ಲಿ, ಮಗಳು ಸುಮಾಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದೆ. ಅವಳು ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಿದ್ದಳು. ನಾನು ಮಗುವಿನ ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೇ ನಿಲ್ಲುತ್ತಿದ್ದೆ. ಮೊದಲ ಮೊಮ್ಮಗ! ದಾರಿಯಲ್ಲಿ ಹೋಗುವವರನ್ನೆಲ್ಲ ಕೈಹಿಡಿದು ಕರೆತಂದು ತೋರಿಸೋಣ ಅನ್ನಿಸುವಷ್ಟು ಖುಷಿ. ಅದರ ನಡುವೆ ಈ ವಾಸನೆ, ನನ್ನ ವಾಸು ಮಾವನ ಖಾಕಿ ಅಂಗಿಯ ವಾಸನೆ. ನಾಮಕರಣಕ್ಕೆ ನಾಲ್ಕು ದಿನ ಉಳಿದಿತ್ತು. ಹೆಸರು ಆರಿಸುವುದನ್ನು ಮಗಳೂ ಅಳಿಯನೂ ನನಗೇ ಬಿಟ್ಟಿದ್ದರು. ನಾಲಿಗೆಯ ತುದಿಯಲ್ಲಿ ಇದ್ದದ್ದು ಒಂದೇ ಹೆಸರು. ಅದನ್ನು ಇಡುವ ಹಾಗಿರಲಿಲ್ಲ.

ನಾನು ಬೆಳೆದದ್ದು ಬೆಂಗಳೂರಿನಲ್ಲಿ, ಅಮ್ಮನ ತವರಿನಲ್ಲಿ. ನಾಲ್ಕನೇ ಕ್ಲಾಸಿಗೇ ನನ್ನ ಓದು ಮುಗಿಯಿತು; ಆ ಮನೆಯ ಒಂದೊಂದು ಗೋಡೆ ಮಾತ್ರ ಇವತ್ತಿಗೂ ಬಾಯಿಪಾಠ. ವಾಸು ಮಾವ ಅಮ್ಮನ ತಮ್ಮ, ವಿಮಾನ ರಿಪೇರಿಯ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಬಂದು ಬಚ್ಚಲ ಹೊರಗಿನ ಗೂಟಕ್ಕೆ ಅಂಗಿ ನೇತುಹಾಕಿದರೆ, ನಾವು ಮಕ್ಕಳು ಸರದಿಯ ಮೇಲೆ ಮುಖ ಒತ್ತಿ ಆಕಾಶದ ವಾಸನೆ ನೋಡುತ್ತಿದ್ದೆವು. ಯುದ್ಧದ ಕಾಲದ ಎರಡು ಹಳೇ ವಿಮಾನಗಳನ್ನು ದಕ್ಷಿಣ ಅಮೆರಿಕದ ಬೊಲಿವಿಯಾದ ಸಣ್ಣ ಕಂಪನಿಯೊಂದು ಕೊಂಡಾಗ, ಆರು ತಿಂಗಳಿಗೆಂದು ಅವುಗಳ ಜೊತೆ ಮಾವನೂ ಹೋದ. ಅಲ್ಲಿಂದ ಒಂದು ಫೋಟೋ ಬಂತು: ವಿಮಾನದ ಬಾಲದ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಕೆಳಗೆ ನಗುತ್ತಿರುವ ಮಾವ. ನಮ್ಮ ವಿಮಾನ ಬೆಟ್ಟದ ಮೇಲಿನ ಊರಿಗೆ ಹೂವು, ತರಕಾರಿ ಒಯ್ಯುತ್ತದೆ ಎಂದು ಬರೆದಿದ್ದ. ಅಜ್ಜಿ ಓದಿಸಿ ಓದಿಸಿ ಆ ಕಾಗದ ಮಡಿಕೆಯಲ್ಲೇ ಹರಿಯಿತು. ಆಮೇಲೆ ಕಾಗದ ಬರಲಿಲ್ಲ. ವರ್ಷ ಕಳೆದ ಮೇಲೆ ಕಾರ್ಖಾನೆಯವರು ಬಂದು, ಕಂಪನಿ ಮುಚ್ಚಿಹೋಗಿದೆ, ಕೇಳೋಣವೆಂದರೆ ಅಲ್ಲಿ ಯಾರೂ ಇಲ್ಲ ಎಂದರು.

ನಮ್ಮ ಮನೆತನದಲ್ಲಿ ಗಂಡುಮಗುವಿಗೆ ತೀರಿಕೊಂಡ ಹಿರಿಯರ ಹೆಸರಿಡುತ್ತಾರೆ, ಬದುಕಿರುವವರದ್ದು ಇಡುವುದಿಲ್ಲ. ನನ್ನ ತಮ್ಮ ಹುಟ್ಟಿದಾಗ ಅಪ್ಪ, ವಾಸುದೇವ ಅಂತ ಇಡೋಣವೇ ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಒಲೆಯ ಮೇಲಿನ ಬಾಣಲೆ ಇಳಿಸಿ, "ಮುಚ್ಚಿರೋದು ಕಂಪನಿ. ನನ್ನ ಮಗನ ಹೆಸರು ಅವನ ಹತ್ರಾನೇ ಇರ್ಲಿ" ಅಂದಳು. ಅಲ್ಲಿಂದಾಚೆ ತಿಥಿಯೂ ಇಲ್ಲ, ಪಿಂಡವೂ ಇಲ್ಲ. ಅಜ್ಜಿ ಹೋದಳು, ಅಮ್ಮ ಹೋದಳು, ಮನೆಯಿದ್ದ ಜಾಗಕ್ಕೆ ಟೈರ್ ಅಂಗಡಿ ಬಂತು. ಇಳಿಯಲು ನೆಲ ಸಿಗದೆ ಆ ಹೆಸರೊಂದು ನಮ್ಮ ತಲೆಯ ಮೇಲೆ ಸುತ್ತುತ್ತಲೇ ಇತ್ತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೀತು.

ಪಕ್ಕದ ಮನೆಯ ರಾಮೋನ್ ಅಂಕಲ್, ಎಂಬತ್ತು ದಾಟಿದವರು, ಮಗು ನೋಡಲು ಬಂದಾಗಲೇ ಅವರು ಬೊಲಿವಿಯಾದವರೆಂದು ನನಗೆ ತಿಳಿದದ್ದು. ಪೆಟ್ಟಿಗೆಯಿಂದ ಮಾವನ ಫೋಟೋ ತಂದು ಕೈಗಿಟ್ಟೆ. ಹದ್ದನ್ನು ಕಂಡದ್ದೇ ಅವರು ಕುರ್ಚಿ ಹಿಡಿದು ಕೂತರು. ಹರೆಯದಲ್ಲಿ ಅದೇ ಕಂಪನಿಯ ಹಮಾಲಿ ಆಗಿದ್ದರಂತೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸುಮಾ ಕನ್ನಡದಲ್ಲಿ ಹೇಳುತ್ತಾ ಹೋದಳು. ಇದ್ದದ್ದು ಎರಡೇ ವಿಮಾನ. ಬಯಲಿನಲ್ಲಿ ಕಡಿದ ದನದ ಮಾಂಸವನ್ನು ಬೆಟ್ಟದ ಊರಿಗೆ ಮುಟ್ಟಿಸುವುದೇ ಕೆಲಸ. ಹೂವೂ ಇಲ್ಲ, ತರಕಾರಿಯೂ ಇಲ್ಲ. ಈರುಳ್ಳಿಯನ್ನೂ ಹೊಸಿಲು ದಾಟಿಸದ ಅಜ್ಜಿಗೆ ಮಾವ ಹೇಳಿದ ಒಂದೇ ಸುಳ್ಳು ಅದಿರಬೇಕು. ಒಂದು ವಿಮಾನ ಕೆಟ್ಟು ಹುಲ್ಲಿನಲ್ಲಿ ನಿಂತಿತು. ಇನ್ನೊಂದು ಒಂದು ಬೆಳಿಗ್ಗೆ ಹೋದದ್ದು ಮರಳಲಿಲ್ಲ. ಕಂಪನಿಯೂ ಅದರೊಂದಿಗೇ ಮುಗಿಯಿತು. ಒಳಗೆ ಯಾರಿದ್ದರು ಎಂದು ಕೇಳಿಸಿದೆ. ಸುಮಾ ತಡೆದು ತಡೆದು ಹೇಳಿದಳು: "ಇಬ್ಬರು ಪೈಲಟ್, ಒಬ್ಬ ಮೆಕ್ಯಾನಿಕ್ ಅಂತೆ ಅಮ್ಮ. ಹೆಸರು ನೆನಪಿಲ್ವಂತೆ. ಬೇರೆ ದೇಶದೋನು, ಮಾಂಸ ಮುಟ್ತಿರ್ಲಿಲ್ಲ. ಬೇಯಿಸಿದ ಮುಸುಕಿನ ಜೋಳ ಕಟ್ಕೊಂಡು ಹೋಗ್ತಿದ್ದ, ಎಲ್ರೂ ಆಡ್ಕೊಂಡು ನಗ್ತಿದ್ರಂತೆ."

ಆ ನಾಲ್ಕು ದಿನ ಕಷಾಯ ಕುದಿಯುವ ಸದ್ದಿನಲ್ಲೂ ನನಗೆ ಅಜ್ಜಿಯ ದನಿಯೇ ಕೇಳಿಸಿತು. ಹೆಸರಿಟ್ಟರೆ ಮಾವ ಸತ್ತ ಎಂದು ಒಪ್ಪಿದ ಹಾಗೆ. ಇಡದಿದ್ದರೆ ಅದು ನನ್ನ ಜೊತೆಗೇ ಮಣ್ಣಾಗುತ್ತಿತ್ತು. ನಾಮಕರಣದ ಬೆಳಿಗ್ಗೆ ಸುಮಾ ಕೆಲಸ ಮಾಡುವ ಆಸ್ಪತ್ರೆಯ ನರ್ಸುಗಳೆಲ್ಲ ಬಂದು, ಕೂರಲು ಜಾಗವಿಲ್ಲದೆ ಗ್ಯಾರೇಜಿನಲ್ಲೂ ಚಾಪೆ ಹಾಸಿದ್ದೆವು. ಮಗುವನ್ನು ನನ್ನ ತೊಡೆಗೆ ಕೊಟ್ಟರು. ಹಾಲಿನ ಕಂಪಿನ ಆ ಪುಟ್ಟ ಕಿವಿಗೆ ಬಾಯಿಟ್ಟು ಮೂರು ಸಲ ವಾಸುದೇವ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಸಂತೋಷ ಈ ಜನ್ಮದಲ್ಲಿ ನನಗಾಗಿರಲಿಲ್ಲ. ಮಾವ ಹೋದದ್ದೂ ಆ ಗಳಿಗೆಯಲ್ಲೇ. ಅಲ್ಲಿಯವರೆಗೆ ನಮ್ಮ ಪಾಲಿಗೆ ಅವನು ಬದುಕಿಯೇ ಇದ್ದ.