ಬದುವಿನ ಮೇಲಿನ ಕ್ಯಾಮೆರಾ

ಮಸ್ಕಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನಗೆ ವಿಡಿಯೋ ಕಲೆಯ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಲಿಂಗಸುಗೂರಿನಲ್ಲಿ ಗೆಳೆಯರು ಸೇರಿ ಒಂದು ಪ್ರದರ್ಶನ ಇಟ್ಟುಕೊಂಡಿದ್ದರು. ನಮ್ಮನ್ನು ಆಳಿದ ಬಿಳಿಯರು ನಮ್ಮ ಮೈಯನ್ನೂ ನೆಲವನ್ನೂ ಅಳೆದು ಬೆಲೆ ಕಟ್ಟುವ ಸಾಮಾನಿನಂತೆ ನೋಡಿದರು, ಆ ಕಣ್ಣನ್ನು ನಾವು ಬಿಡಬೇಕು ಎಂದು ನಾನು ತೋರಿಸಲಿದ್ದ ವಿಡಿಯೋಗೆ ಎರಡು ಪುಟದ ಟಿಪ್ಪಣಿ ಬರೆದುಕೊಟ್ಟೆ. ಟಿಪ್ಪಣಿ ಎಲ್ಲರಿಗೂ ಹಿಡಿಸಿತು. ವಿಡಿಯೋ ಮಾತ್ರ ಇನ್ನೂ ಆಗಿರಲಿಲ್ಲ.

ತುರ್ವಿಹಾಳದಲ್ಲಿ ನನ್ನ ಚಿಗವ್ವ ಇದ್ದಾಳೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಇವತ್ತಿಗೂ ಕೂಲಿಗೆ ಹೋಗಿ ಭತ್ತದ ಸಸಿ ಹಚ್ಚುತ್ತಾಳೆ. ನಾಟಿಯ ದಿನ ಬದುವಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಅವಳನ್ನೂ ಜೊತೆಗಿನ ಹೆಂಗಸರನ್ನೂ ಬುತ್ತಿ ಬಿಚ್ಚುವ ಹೊತ್ತಿನವರೆಗೆ ಚಿತ್ರೀಕರಿಸಿದೆ. ಕೆಸರು, ನೀರು, ಬಾಗಿದ ಬೆನ್ನು. ಮೈ ಯಾವುದು, ನೆಲ ಯಾವುದು ಎಂದು ತಿಳಿಯದ ಹಾಗೆ ಬಂದಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ದಿನ ಬಿಟ್ಟು ಚಿಗವ್ವನ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಆ ಹೆಂಗಸರಿಗೆಲ್ಲ ತೋರಿಸಿದೆ. ಮೊದಲು ಎಲ್ಲರೂ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಸೆರಗು ಎಳೆದುಕೊಂಡರು.

"ಏನಬೇ ಇದು?" ಎಂದಳು ಚಿಗವ್ವ. "ಬರೀ ಕುಂಡಿ ತಗದೀಯಲ್ಲ! ನಮಗ ಮಾರಿ ಇಲ್ಲೇನು?"

ಸಸಿ ಹಚ್ಚುವವರು ಹಿಂದಕ್ಕೆ ಸರಿಯುತ್ತಾ ಹಚ್ಚುತ್ತಾರೆ. ಹಿಂದಿನ ಬದುವಿನ ಮೇಲೆ ನಿಂತವರಿಗೆ ಮತ್ತೇನು ಕಂಡೀತು? ಗದ್ದೆಯ ಸೀಮೆಯಲ್ಲೇ ಬೆಳೆದವಳಿಗೆ ಅಷ್ಟೂ ಹೊಳೆಯಲಿಲ್ಲ. ಬೆಳಕು ಆ ಕಡೆಯಿಂದ ಚೆನ್ನಾಗಿತ್ತು ಎಂದೆ.

"ನಿನ್ನ ಬೆಳಕಿಗಿಷ್ಟು ಬೆಂಕಿ ಹಚ್ಚ! ಅದು ಮೇಸ್ತ್ರಿ ನಿಲ್ಲೋ ಜಾಗ. ಯಾರ ಕೈ ನಿಂತೈತಿ ಅಂತ ಅಂವ ಅಲ್ಲೇ ನಿಂತು ನೋಡ್ತಾನ. ಇಷ್ಟು ವರ್ಷ ಆತು, ಅಂವಗ ನಮ್ಮ ಮಾರಿ ಗುರ್ತಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನಿನ್ನ ಮುಕ್ಕಾಲು ಎಲ್ಲಿ ಬಿಟ್ಟು ಬಂದೀ? ಇದನ್ನ ಮಂದಿಗೆ ತೋರಿಸಿದಿ ಅಂದ್ರ ನನ್ನ ಹೊಸ್ತಿಲ ತುಳೀಬ್ಯಾಡ."

ನಾಚಿಕೆಯಾಯಿತು, ಸಿಟ್ಟೂ ಬಂತು. ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು. "ಹಂಗಾರ ಏನ್ ಮಾಡ್ಲಿ? ನೀನೇ ಹೇಳು!" ಎಂದು ಒದರಿದೆ.

"ನಾಳಿ ಗದ್ದ್ಯಾಗ ಇಳಿ. ನಿನ್ನ ಫೋನು ನನ್ನ ಕೈಯಾಗ ಕೊಡು."

ಮರುದಿನ ಬಳಗಾನೂರು ಕಡೆಯ ಗದ್ದೆಯಲ್ಲಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದೆ. ಅರ್ಧ ತಾಸಿಗೇ ಸೊಂಟ ಬಿದ್ದುಹೋಯಿತು. ನನ್ನ ಸಾಲು ಸೊಟ್ಟಗೆ ಹೋಗುತ್ತಿದ್ದುದನ್ನು ಕಂಡು ಪಕ್ಕದವರು ನಗುತ್ತಿದ್ದರು. ಚಿಗವ್ವ ಹಿಂದಿನ ಬದುವಿನಲ್ಲಿ ನಿಂತು ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ಲಿಂಗಸುಗೂರಿನ ಗೋಡೆಯ ಮೇಲೆ ಇನ್ನು ನನ್ನ ಕುಂಡಿಯೇ ಎಂದುಕೊಂಡು ಹಲ್ಲು ಕಚ್ಚಿ ಸಸಿ ಊರುತ್ತಾ ಹೋದೆ.

ಅವಳ ದನಿ ಬಂದದ್ದು ಮುಂದಿನಿಂದ. ಹಚ್ಚಿದ ಸಸಿ ತುಳಿಯದ ಹಾಗೆ ನೀರಿಗಿಳಿದು, ಫೋನು ಹಿಡಿದು ನನ್ನ ಎದುರಿಗೇ ಕುಕ್ಕರುಗಾಲಲ್ಲಿ ಕೂತಿದ್ದಳು. ಸೆರಗೆಲ್ಲ ಕೆಸರು.

"ತಲಿ ಎತ್ತು ಮಗಳ, ಮಾರಿ ಕಾಣ್ಲಿ."

ಎತ್ತಿದೆ. ಅಳು ಬಂತು. ಅವರನ್ನು ಅರ್ಧ ದಿನ ಚಿತ್ರೀಕರಿಸಿದ್ದೆ, ಒಬ್ಬರಿಗೂ ಆ ಮಾತು ಹೇಳಿರಲಿಲ್ಲ.