ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರ್ಬನ್ ಬಾನೆಟ್

ಉತ್ತರ ಸ್ವೀಡನ್‌ಗೆ ಬಂದ ಮರುದಿನವೇ ನನ್ನನ್ನು ಕೂರಿಸಿಕೊಂಡು ಕಾರನ್ನು ಸೀದಾ ಕೆರೆಯ ಮೇಲೆ ಓಡಿಸಿದರು. ಮಂಜುಗಡ್ಡೆಯ ಕೆಳಗೆ ಎಷ್ಟು ನೀರಿದೆಯೋ ಎಂದು ನಾನು ಸೀಟಿನ ಮೇಲೆ ಕಾಲೆತ್ತಿಕೊಂಡು ಕೂತಿದ್ದೆ. ಓಡಿಸುತ್ತಿದ್ದ ಇಂಗ್ರಿಡ್, ಕಾರ್ಖಾನೆಯ ಪರೀಕ್ಷೆಯ ಕಾರು ಓಡಿಸುವ, ಐವತ್ತು ದಾಟಿದ ಹೆಂಗಸು, ನನ್ನ ಕಾಲು ನೋಡಿ ನಕ್ಕಳು.

ಆಗ ಎರಡು ಸಾವಿರದ ಇಸವಿ ಕಳೆದ ಹೊಸತು. ಬೆಂಗಳೂರಿನಲ್ಲಿ ಫೈಬರ್ ಅಚ್ಚು ಹಾಕುವ ಕೆಲಸ ಕಲಿತಿದ್ದ ನನಗೆ ಇಲ್ಲಿನ ಸಣ್ಣ ಕಾರ್ಖಾನೆಯೊಂದು ಕೆಲಸ ಕೊಟ್ಟಿತ್ತು. ಕಾರ್ಬನ್ ಫೈಬರ್, ಅಂದರೆ ಕರಿ ನೂಲಿನ ಬಟ್ಟೆಗೆ ಅಂಟು ಕುಡಿಸಿ ಗಟ್ಟಿ ಮಾಡಿದ ಹಲಗೆ. ಅದರಲ್ಲಿ ಕಾರಿನ ಬಾನೆಟ್ ಮಾಡುತ್ತಿದ್ದರು. ಅದು ಚಳಿಗೆ ತಾಳುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂತು. ಮಲೆನಾಡಿನ ನಮ್ಮೂರು ಹೆಗ್ಗದ್ದೆಯಲ್ಲಿ ತಮ್ಮ ಮಂಜನ ಜೀಪನ್ನು ತಿನ್ನುವುದು ಮಳೆ. ಇಲ್ಲಿ ಚಳಿ, ಮತ್ತು ಹಿಮ ಕರಗಲೆಂದು ಹೆದ್ದಾರಿಗೆ ಎರಚುವ ಉಪ್ಪು.

ಊರು ಹೆಚ್ಚು ಕಾಡುತ್ತಿದ್ದದ್ದು ಫೀಕಾ ಹೊತ್ತಿಗೆ. ಫೀಕಾ ಎಂದರೆ ಕೆಲಸ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವುದು. ಲೋಟವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಹುರಿದ ವಾಸನೆ ಸಿಗುತ್ತಿತ್ತು. ನಮ್ಮ ಕಾಫಿ ತೋಟದ ಕಣದಲ್ಲಿ ಹಣ್ಣು ಒಣಗುವ ಹುಳಿವಾಸನೆ ಮಾತ್ರ ಸಿಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಮಂಜ ಫೋನ್ ಮಾಡಿದ.

"ಮಳೆ ಬಿತ್ತು ಅಕ್ಕ. ತೋಟ ಎಲ್ಲ ಬೆಳ್ಳಗೆ ಹೂ ಬುಟ್ಟೈತೆ. ಬಂದ್ಬುಡು."

ನನ್ನ ಕಿಟಕಿಯಾಚೆಯೂ ಬೆಳ್ಳಗೇ ಇತ್ತು. ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದೆ.

ಮರುದಿನ ಕೆರೆಯ ಮೇಲೆ ವೇಗವಾಗಿ ಹೋಗುತ್ತಿದ್ದಾಗ ಬಾನೆಟ್ ಎದ್ದು ಬಂದು ಗಾಜಿಗೆ ಬಡಿಯಿತು. ಮುಂದೇನೂ ಕಾಣದು. ಮಂಜುಗಡ್ಡೆಯ ಮೇಲೆ ಕಾರು ಜಾರೀತೆಂದು ಇಂಗ್ರಿಡ್ ಬ್ರೇಕ್ ತುಳಿಯಲಿಲ್ಲ. ಕಿಟಕಿ ಇಳಿಸಿ ದಾರಿ ಹೇಳು ಎಂದಳು. ತಲೆ ಹೊರಗೆ ಹಾಕಿ, ಗಾಬರಿಯಲ್ಲಿ ಕನ್ನಡದಲ್ಲೇ "ಎಡಕ್ಕೆ, ಎಡಕ್ಕೆ" ಎನ್ನುತ್ತ ಕೈ ಬೀಸಿದೆ. ಕೈ ನೋಡಿಕೊಂಡೇ ಅವಳು ತಿರುಗಿಸಿದಳು. ಕಾರು ಹಿಮದ ದಿಬ್ಬಕ್ಕೆ ಮೆತ್ತಗೆ ಒರಗಿ ನಿಂತಿತು. ನನ್ನ ಕೈ ಹಿಡಿದುಕೊಂಡ ಅವಳು ಬಹಳ ಹೊತ್ತು ಬಿಡಲಿಲ್ಲ.

ಬಿಚ್ಚಿ ನೋಡಿದರೆ ಫೈಬರ್ ಎಲ್ಲೂ ಸೀಳಿರಲಿಲ್ಲ. ಚಳಿಗೆ ಲೋಹ ಕುಗ್ಗಿದಷ್ಟು ಅದು ಕುಗ್ಗುವುದಿಲ್ಲ. ಫೈಬರಿಗೂ ಬಾನೆಟ್ ಹಿಡಿದಿಡುವ ಲೋಹದ ಕೊಂಡಿಗೂ ನಡುವಿನ ಅಂಟು ಬಿಟ್ಟು, ಕೊಂಡಿ ಕಿತ್ತು ಬಂದಿತ್ತು. ಅಂಟು ಬದಲಿಸದೆ ಇದನ್ನು ಮಾರಬಾರದು ಎಂದು ಯಜಮಾನರಿಗೆ ಹೇಳಿದೆ. ಹಾಗಾದರೆ ಮುಂದಿನ ಚಳಿಗಾಲಕ್ಕೂ ಇದ್ದು ನೀನೇ ಪರೀಕ್ಷೆ ಮಾಡು ಎಂದರು ಅವರು. ಮತ್ತೆ ಆ ಕಾರನ್ನು ಓಡಿಸುವವಳು ಇಂಗ್ರಿಡ್ಡೇ. ಒಪ್ಪಿಕೊಂಡೆ.

ಮೇ ತಿಂಗಳಲ್ಲಿ ರಜೆಗೆಂದು ಊರಿಗೆ ಹೋದಾಗ ತೋಟದಲ್ಲಿ ಕಾಯಿ ಕಚ್ಚಿತ್ತು. ಬೇಗ ಕತ್ತಲಾಯಿತೆಂದು ದೀಪ ಹಾಕಿ ಊಟಕ್ಕೆ ಕೂತೆವು.

"ನಮ್ಮಲ್ಲಿ ಈಗ ಹತ್ತು ಗಂಟೆಯಾದ್ರೂ ಬೆಳಕಿರುತ್ತೆ," ಎಂದೆ.

ಮಂಜ ತುತ್ತು ನಿಲ್ಲಿಸಿ ಕೇಳಿದ: "ನಮ್ಮಲ್ಲಿ ಅಂದ್ರೆ ಎಲ್ಲಿ ಅಕ್ಕ?"

ಅವ್ವ ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.